ಎಕೋ ಮೇಲೋ, ಪ್ರಿಂಟ್ ಮೇಲೋ?

ಪಿಎಚ್‌ಪಿ ಕಲಿಯೋಕೆ ಕೂತವರು ಮೊದಲ ವಾರದಲ್ಲೇ ಕೇಳೋ ಪ್ರಶ್ನೆ ಇದು. ಪರದೆ ಮೇಲೆ ನಾಲ್ಕಕ್ಷರ ಮೂಡಿಸೋಕೆ ಎಕೋನೂ ಇದೆ, ಪ್ರಿಂಟೂ ಇದೆ. ಯಾವುದು ಬಳಸೋದು? ಪಕ್ಕದವರು ತಟ್ಟನೆ "ಎಕೋ ಬಳಸಿ, ಅದು ಫಾಸ್ಟು" ಅಂತಾರೆ. ನನ್ನ ಪ್ರಕಾರ ಸಲಹೆ ಸರಿ, ಕೊಡೋ ಕಾರಣ ಮಾತ್ರ ತಪ್ಪು.

ಪ್ರಿಂಟ್ ತನ್ನ ಕೆಲಸ ಮುಗಿಸಿ ಪ್ರತಿ ಸಲ 1 ಅಂತ ಉತ್ತರ ಕೊಡುತ್ತೆ, ಎಕೋ ಏನೂ ಕೊಡಲ್ಲ. ವೇಗದ ಗಲಾಟೆಯೆಲ್ಲ ಹುಟ್ಟಿದ್ದು ಇಲ್ಲಿಂದ. ಇದರಿಂದ ಉಳಿಯೋ ಸಮಯ ಒಂದೇ ಒಂದು ಡೇಟಾಬೇಸ್ ಕ್ವೆರಿಯ ಮುಂದೆ ಲೆಕ್ಕಕ್ಕೇ ಬರಲ್ಲ ಸ್ವಾಮಿ!

ಹಾಗಾದ್ರೆ ಎಕೋ ಯಾಕೆ? ಅದಕ್ಕೆ ಅಲ್ಪವಿರಾಮ ಹಾಕಿ ಎಷ್ಟು ತುಂಡು ಬೇಕಾದ್ರೂ ಕೊಡಬಹುದು, ಪ್ರಿಂಟ್‌ಗೆ ಒಂದೇ. ಚುಕ್ಕಿ ಇಟ್ಟು ಅಂಟಿಸಿದರೆ ಸಾಲದೇ ಅಂತೀರಾ? "ಒಟ್ಟು: " . 5 + 3 ಅಂತ ಬರೆದು ನೋಡಿ. 2020ರಲ್ಲಿ ಬಂದ ಪಿಎಚ್‌ಪಿ 8ರಲ್ಲಿ "ಒಟ್ಟು: 8" ಬರುತ್ತೆ. ಅದಕ್ಕಿಂತ ಹಳೆಯದರಲ್ಲಿ ಮೊದಲು ಅಂಟಿಸಿ, ಆಮೇಲೆ ಕೂಡಿ, ಬರೀ 3 ತೋರಿಸುತ್ತೆ! ಚುಕ್ಕಿಯ ಜಾಗದಲ್ಲಿ ಅಲ್ಪವಿರಾಮ ಇಟ್ಟರೆ ಎಲ್ಲಿ ಓಡಿಸಿದರೂ 8.

ಇನ್ನು ಪ್ರಿಂಟಿನ ಆವರಣ. ಎರಡೂ ನಿಜವಾಗಿ ಫಂಕ್ಷನ್‌ಗಳಲ್ಲ, ಭಾಷೆಯ ಒಳಗಿನ ಪದಗಳೇ. ಆದ್ದರಿಂದ ಆವರಣ ಬೇಕಿಲ್ಲ. ಹಾಕಿದರೆ ಕಣ್ಣಿಗೆ ಮೋಸ. ಪ್ರಿಂಟ್ ("ರಾಮ") && ಪ್ರಿಂಟ್ "ಭೀಮ" ಅಂದ್ರೆ ರಾಮನೂ ಭೀಮನೂ ಬರ್ತಾರೆ ಅಂದ್ಕೋತೀವಿ. ಬರೋದು "ಭೀಮ1". ರಾಮ ನಾಪತ್ತೆ :-) ಯಾಕಂದ್ರೆ ಮೊದಲ ಪ್ರಿಂಟ್ ತನ್ನ ಮುಂದಿರೋದನ್ನೆಲ್ಲ ಒಂದೇ ಮಾತು ಅಂತ ತಗೊಳ್ಳುತ್ತೆ. ಎರಡನೆಯದು ಭೀಮನನ್ನು ಮೂಡಿಸುತ್ತೆ, ಮೊದಲನೆಯದು ಇಡೀ ಲೆಕ್ಕದ ಫಲವಾದ "ನಿಜ" ಅನ್ನೋದನ್ನ 1 ಅಂತ ಮೂಡಿಸುತ್ತೆ.

ಪ್ರಿಂಟ್ ದಂಡ ಅಂತ ಹೇಳ್ತಿಲ್ಲ. 2019ರ ಪಿಎಚ್‌ಪಿ 7.4ರಲ್ಲಿ ಬಂದ ಬಾಣದ ಫಂಕ್ಷನ್ ಒಳಗೆ ಎಕೋ ನಡೆಯಲ್ಲ, ಪ್ರಿಂಟ್ ನಡೆಯುತ್ತೆ. ಅದಕ್ಕೊಂದು ಜಾಗ ಇದೆ, ಅಷ್ಟೇ.

ಆದರೆ ನನಗೆ ನಿಜಕ್ಕೂ ಬೇಜಾರಾಗೋದು ಬೇರೆ ಕಡೆ. ಎಕೋನಾ ಪ್ರಿಂಟಾ ಅಂತ ಗಂಟೆಗಟ್ಟಲೆ ವಾದ ಮಾಡೋರು, ಓದುಗ ಫಾರಂನಲ್ಲಿ ಬರೆದ ಹೆಸರನ್ನ ಹಾಗೇ ಪರದೆಗೆ ಎಸೀತಾರೆ. ಆ ಹೆಸರಿನ ಜಾಗದಲ್ಲಿ ಯಾರಾದ್ರೂ ಸ್ಕ್ರಿಪ್ಟ್ ತುರುಕಿದರೆ ಅದು ನೋಡುವವರ ಬ್ರೌಸರಿನಲ್ಲಿ ಓಡುತ್ತೆ, ಅವರ ಲಾಗಿನ್ನೇ ಕದಿಯಬಹುದು. ಎಕೋ ಆಗಲಿ ಪ್ರಿಂಟ್ ಆಗಲಿ ಇದನ್ನ ತಡೆಯಲ್ಲ. ತಡೆಯೋದು ಎಚ್‌ಟಿಎಮ್‌ಎಲ್‌ಸ್ಪೆಷಲ್‌ಚಾರ್ಸ್ ಅನ್ನೋ ಉದ್ದ ಹೆಸರಿನ ಫಂಕ್ಷನ್. ಬಾಗಿಲು ಹಾರುಹೊಡೆದಿಟ್ಟು ಇರುವೆ ಓಡಿಸ್ತಾ ಕೂತರೆ ಹೇಗೆ?

ಹೊಸಬರು ಕೇಳಿದರೆ ನಾನು ಹೇಳೋದಿಷ್ಟೇ: ಎಕೋ ಬಳಸಿ, ಅಲ್ಪವಿರಾಮ ಹಾಕಿ, ಬೇರೆಯವರಿಂದ ಬಂದದ್ದನ್ನ ಸೋಸದೆ ಮೂಡಿಸಬೇಡಿ. ವೇಗದ ಮಾತು ಆಮೇಲೆ. ಏನಂತೀರಾ?