ಗಡ್ಡ ತೆಳುವು ಮಾಡಿಸಿದವನ ಉತ್ತರ

ಕಳೆದ ತಿಂಗಳು ಬೇಲೂರಿನಲ್ಲಿ, ನನ್ನ ಹೆಂಡತಿಯ ತವರಿನ ಗೃಹಪ್ರವೇಶದ ಪಂಕ್ತಿಯಲ್ಲಿ, ನನ್ನ ಮುಖದ ವಿಚಾರ ಎದ್ದಿತು. ಕತ್ತಿನ ಮತ್ತು ದವಡೆಯ ಕೆಳಗಿನ ಗಡ್ಡವನ್ನು ಎಲೆಕ್ಟ್ರೋಲಿಸಿಸ್‌ನಿಂದ ಶಾಶ್ವತವಾಗಿ ತೆಳುವು ಮಾಡಿಸುತ್ತಿದ್ದೇನೆ ಎಂಬ ಸುದ್ದಿ ನನಗಿಂತ ಮೊದಲೇ ಅಲ್ಲಿಗೆ ಹೋಗಿತ್ತು. ಮಾವನವರು, ಅವರ ತಮ್ಮ, ನನ್ನ ಷಡ್ಡಕ, ಹಳೇಬೀಡಿನ ಗೆಳೆಯ, ಎಲ್ಲರೂ ಒಂದೊಂದು ಮಾತಾಡಿದರು. ಹಿರಿಯರೆದುರು ಎಲೆ ಮುಂದೆ ಕೂತು ವಾದ ಮಾಡಬಾರದೆಂದು ಸುಮ್ಮನಿದ್ದೆ. ಅವೇ ಮಾತುಗಳನ್ನು ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲೂ ಕಟಿಂಗ್ ಶಾಪಿನಲ್ಲೂ ಕೇಳಿ ಸಾಕಾಗಿದೆ. ಅದಕ್ಕೇ ಈ ಉತ್ತರ.

ಮೊದಲನೆಯದು ಷಡ್ಡಕನ ಮಗನ ಮಾತು. "ಹುಡುಗರೆಲ್ಲ ಗಡ್ಡ ಬರಲಿ ಅಂತ ಎಣ್ಣೆ ಹಚ್ಚುತ್ತಾರೆ ದೊಡ್ಡಪ್ಪ, ನೀವು ಬಂದಿದ್ದನ್ನು ಕಳೀತೀರಲ್ಲ." ನಮ್ಮ ಜಿಲ್ಲೆಯವರೇ ಆದ ಯಶ್ ಅವರ 'ಕೆ.ಜಿ.ಎಫ್' 2018ರಲ್ಲಿ ಬಂದ ಮೇಲೆ ಊರೂರಲ್ಲಿ ಹುಡುಗರು ಗಡ್ಡ ಬಿಟ್ಟರು. ಒಪ್ಪುವವರಿಗೆ ಅದು ಚೆಂದವೇ. ಆದರೆ ನನ್ನ ಗಡ್ಡದ ಕಥೆ ಬೇರೆ. ಕಣ್ಣಿನ ಕೆಳಗಿನ ಮೂಳೆಯವರೆಗೂ ಹತ್ತುವ, ಅಂಗಿ ಕಾಲರಿನೊಳಕ್ಕೂ ಇಳಿಯುವ ಒರಟು ಗುಂಗುರು ಕೂದಲು ಅದು. ಬ್ಲೇಡು ತಾಗಿದರೆ ಚೂಪಾದ ತುದಿ ಬಾಗಿ ಮತ್ತೆ ಚರ್ಮದೊಳಕ್ಕೇ ನುಗ್ಗುತ್ತದೆ. ಗುಳ್ಳೆ ಏಳುತ್ತದೆ, ಕೀವಾಗುತ್ತದೆ, ಕಪ್ಪು ಕಲೆ ಉಳಿಯುತ್ತದೆ. ಚರ್ಮವೈದ್ಯರು ಇದನ್ನು ಸ್ಯೂಡೋಫಾಲಿಕ್ಯುಲೈಟಿಸ್ ಬಾರ್ಬೇ ಎನ್ನುತ್ತಾರೆ. ಮುಖ ತೊಳೆಯದ್ದರಿಂದ ಬರುವ ಕಾಯಿಲೆಯಲ್ಲ, ಕೂದಲಿನ ವಕ್ರತೆಯಿಂದ ಬರುವುದು. ಬೋಳಿಸದೆ ಬಿಟ್ಟರೆ ಏಪ್ರಿಲ್ ಬಿಸಿಲಲ್ಲಿ, ಮಂಡಿಯ ಧೂಳಿನಲ್ಲಿ, ಬೆವರು ಆ ಪೊದೆಯೊಳಗೇ ನಿಂತು ದಿನವಿಡೀ ಕೆರೆತ.

ರಾಗಿ ಹೊಲದಲ್ಲಿ ಪೈರು ಒತ್ತಾಗಿ ಹುಟ್ಟಿದರೆ ಕುಂಟೆ ಹೊಡೆದು ತೆಳುವು ಮಾಡುತ್ತೇವೆ. ರಾಗಿಯ ಮೇಲೆ ಸಿಟ್ಟಿದ್ದು ಮಾಡುವ ಕೆಲಸವಲ್ಲ ಅದು. ನಾನು ಕೇಳಿದ್ದೂ ಅಷ್ಟೇ. ಮೂರು ಕೂದಲಿಗೆ ಒಂದು ಹೋಗಲಿ, ಉಳಿದವಕ್ಕೆ ಗಾಳಿಯಾಡಲಿ.

"ಗಡ್ಡ ಮೀಸೆ ನಮ್ಮ ಸಂಸ್ಕೃತಿ, ದೇವರು ಕೊಟ್ಟಿದ್ದನ್ನು ಕೀಳಬಾರದು" ಎಂದದ್ದು ಹಳೇಬೀಡಿನ ಗೆಳೆಯ. ಅವನ ಮನೆಯಿಂದ ಬಸದಿಹಳ್ಳಿಗೆ ನಡೆದೇ ಹೋಗಬಹುದು. ಅಲ್ಲಿ ಗಂಗರಾಜನ ಮಗ ಬೊಪ್ಪ 1133ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯಿದೆ. ಜೈನ ಮತದ ದಿಗಂಬರ ಮುನಿಗಳು ತಲೆ, ಗಡ್ಡ, ಮೀಸೆಯ ಕೂದಲನ್ನು ಬರಿಗೈಯಲ್ಲಿ ಕೀಳುತ್ತಾರೆ. ಕೇಶಲೋಚ ಎಂಬ ಆ ವ್ರತವನ್ನು ನಮ್ಮ ಜಿಲ್ಲೆ ಶತಮಾನಗಳಿಂದ ಕೈಮುಗಿದು ನೋಡಿದೆ. ಬೇಲೂರಿನ ಚೆನ್ನಕೇಶವನ ಮುಖ ನುಣುಪು. ಅಯ್ಯಪ್ಪನ ಮಾಲೆ ಹಾಕಿದವರು 41 ದಿನ ಗಡ್ಡ ಮುಟ್ಟುವುದಿಲ್ಲ. ಬಿಡುವುದೂ ತೆಗೆಯುವುದೂ ಎರಡೂ ನಮ್ಮಲ್ಲಿ ಇರುವಾಗ ಒಂದನ್ನೇ ಸಂಸ್ಕೃತಿ ಎನ್ನುವುದು ಹೇಗೆ? ಮುನಿಗಳ ವೈರಾಗ್ಯ ನನಗಿಲ್ಲ, ಅವರ ಹೆಸರಿನಲ್ಲಿ ದೊಡ್ಡವನಾಗಲೂ ಹೊರಟಿಲ್ಲ. ಕೂದಲು ಕಿತ್ತರೆ ಧರ್ಮ ಕೆಡುತ್ತದೆ ಎನ್ನುವ ಮಾತನ್ನಷ್ಟೇ ಒಪ್ಪುತ್ತಿಲ್ಲ.

ಮಾವನವರದು ನಿಜವಾದ ಭಯ. "ಮುಖಕ್ಕೆ ಕರೆಂಟು ಕೊಡಿಸಿಕೊಳ್ತಾರಾ? ಕ್ಯಾನ್ಸರ್ ಬಂದರೆ?" ಇದಕ್ಕೆ ವಿವರವಾಗಿಯೇ ಹೇಳಬೇಕು. ಈ ವಿದ್ಯೆ ಹುಟ್ಟಿದ್ದು ಕಣ್ಣಿನ ಪಕ್ಕದಲ್ಲಿ. ರೆಪ್ಪೆಗೂದಲು ಒಳಕ್ಕೆ ಬೆಳೆದು ಕಣ್ಣುಗುಡ್ಡೆಗೆ ಉಜ್ಜುವ ರೋಗಿಗಳಿಗಾಗಿ ಅಮೆರಿಕದ ಸೇಂಟ್ ಲೂಯಿಸ್‌ನ ನೇತ್ರವೈದ್ಯ ಚಾರ್ಲ್ಸ್ ಮಿಶೆಲ್ 1875ರಲ್ಲಿ ಇದನ್ನು ಪ್ರಕಟಿಸಿದರು. ಕೂದಲಿನಷ್ಟೇ ಸಣ್ಣ ಸೂಜಿಯನ್ನು ಕೂದಲು ಹೊರಬರುವ ರಂಧ್ರದಲ್ಲೇ ಬುಡದವರೆಗೆ ಇಳಿಸುತ್ತಾರೆ. ನೇರ ವಿದ್ಯುತ್ತು ಹರಿದಾಗ ಅಲ್ಲಿನ ಉಪ್ಪು ನೀರು ಒಡೆದು ಸೋಡಿಯಂ ಹೈಡ್ರಾಕ್ಸೈಡ್ ಆಗುತ್ತದೆ. ಸೋಪು ಕಾಯಿಸುವವರ ಕಾಸ್ಟಿಕ್ ಸೋಡಾವೇ ಅದು, ಕಣದಷ್ಟು. ಅದು ಕೂದಲು ಹುಟ್ಟಿಸುವ ಜೀವಕೋಶಗಳನ್ನು ಕರಗಿಸುತ್ತದೆ. ಇನ್ನೊಂದು ಬಗೆಯಲ್ಲಿ ಅಧಿಕ ಕಂಪನದ ವಿದ್ಯುತ್ತಿನ ಬಿಸಿಯಿಂದ ಬುಡವನ್ನು ಬೇಯಿಸುತ್ತಾರೆ. ಎರಡನ್ನೂ ಬೆರೆಸಿದ್ದು ಬ್ಲೆಂಡ್. ಇಲ್ಲಿ ಹರಿಯುವುದು ಮಿಲಿಆಂಪಿಯರ್ ಲೆಕ್ಕದ ಕರೆಂಟು, ಮನೆಯ ಪ್ಲಗ್ಗಿನದಲ್ಲ.

ಕ್ಯಾನ್ಸರಿನ ಹೆದರಿಕೆಗೂ ಇತಿಹಾಸದಲ್ಲಿ ಬೇರಿದೆ. 1920ರ ದಶಕದಲ್ಲಿ ಅಮೆರಿಕದಲ್ಲಿ 'ಟ್ರೈಕೋ' ಎಂಬ ಯಂತ್ರದಿಂದ ಹೆಂಗಸರ ಮುಖದ ಕೂದಲು ತೆಗೆದರು. ಅದು ಕ್ಷಕಿರಣ. ಎಷ್ಟೋ ಮಂದಿಗೆ ವರ್ಷಗಳ ಮೇಲೆ ಹುಣ್ಣು, ಕ್ಯಾನ್ಸರ್ ಬಂತು. ಸೂಜಿಯ ವಿದ್ಯುತ್ತಿನಲ್ಲಿ ಕ್ಷಕಿರಣವಿಲ್ಲ. ಆದರೂ ಅಪಾಯವೇ ಇಲ್ಲವೆಂದು ನಾನು ಹೇಳುವುದಿಲ್ಲ. ಕೈ ಪಳಗದವರು ಮಾಡಿದರೆ ಚರ್ಮ ಸುಟ್ಟು ಗುಳಿ ಬೀಳುತ್ತದೆ. ನಮ್ಮಂಥ ಕಂದು ಚರ್ಮದವರಿಗೆ ಕಪ್ಪು ಕಲೆ ತಿಂಗಳುಗಟ್ಟಲೆ ನಿಲ್ಲಬಹುದು. ಗಾಯ ಉಬ್ಬಿ ಕೀಲಾಯ್ಡ್ ಆಗುವ ಮೈಯವರು, ಎದೆಯಲ್ಲಿ ಪೇಸ್‌ಮೇಕರ್ ಇರುವವರು ಇದಕ್ಕೆ ಇಳಿಯಬಾರದು. ಸೂಜಿ ಪ್ರತಿಯೊಬ್ಬರಿಗೂ ಹೊಸದೇ ಆಗಿರಬೇಕು. ಮಾವನವರೇ, ಇವನ್ನೆಲ್ಲ ಕೇಳಿ ತಿಳಿದ ಮೇಲೆಯೇ ನಾನು ಆ ಕುರ್ಚಿಯಲ್ಲಿ ಕೂತದ್ದು.

ತೆಗೆದಷ್ಟೂ ದಪ್ಪಗೆ ಬರುತ್ತದೆ ಎನ್ನುವವರಿಗೆ ಎರಡೇ ಮಾತು. ಅದೇ ಸೇಂಟ್ ಲೂಯಿಸ್‌ನ ಮಿಲ್ಡ್ರೆಡ್ ಟ್ರಾಟರ್ 1928ರಲ್ಲೇ ಗಂಡಸರ ಮುಖದ ಕ್ಷೌರವನ್ನು ಅಳೆದು ನೋಡಿ, ಬೋಳಿಸುವುದರಿಂದ ಕೂದಲು ದಪ್ಪವಾಗದೆಂದು ತೋರಿಸಿದರು. ಬುಡ ಸತ್ತ ಕೂದಲಂತೂ ಬರುವುದೇ ಇಲ್ಲ. ಮತ್ತೆ ಕಾಣಿಸುವುದು ಪೂರ್ತಿ ಸಾಯದ ಬುಡಗಳು, ಇಲ್ಲವೇ ಅಂದು ಚರ್ಮದೊಳಗೆ ಮಲಗಿದ್ದ ಕೂದಲು.

"ಲೇಸರ್ ಇರುವಾಗ ಈ ಸೂಜಿ ಯಾಕೆ?" ಇದನ್ನು ಕೇಳಿದವರಲ್ಲಿ ಬೆಂಗಳೂರಿನ ಒಂದು ಕ್ಲಿನಿಕ್ಕಿನವರೂ ಇದ್ದರು. ಆರು ಸಿಟ್ಟಿಂಗಿನ ಪ್ಯಾಕೇಜು ಮುಂದಿಟ್ಟರು, ಎಲೆಕ್ಟ್ರೋಲಿಸಿಸ್ ಹೆಸರೆತ್ತಿದರೆ ಹಳೇ ಕಾಲದ್ದು ಎಂದುಬಿಟ್ಟರು. ಲೇಸರ್ ಬೇಗ ಮುಗಿಯುತ್ತದೆ, ನಿಜ. ಕಪ್ಪು ಚರ್ಮಕ್ಕೆ ಹೊಂದುವ 1064 ನ್ಯಾನೋಮೀಟರಿನ ಲೇಸರೂ ಇದೆ. ಆದರೆ ಅದು ಕೂದಲಿನ ಕಪ್ಪನ್ನು ಹುಡುಕಿ ಸುಡುತ್ತದೆ. ನನ್ನ ಗಲ್ಲದಲ್ಲಿ ಆಗಲೇ ಇಣುಕಿರುವ ಬಿಳಿ ಕೂದಲು ಅದಕ್ಕೆ ಕಾಣುವುದಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಲೇಸರಿಗೆ ಒಪ್ಪಿರುವ ಮಾತು ಶಾಶ್ವತ ಕಡಿತ, ಎಲೆಕ್ಟ್ರೋಲಿಸಿಸ್‌ಗೆ ಶಾಶ್ವತ ನಿವಾರಣೆ. ನನಗೆ ಅದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಲೇಸರ್ ಒಂದು ಜಾಗದ ಮೇಲೆ ಬೀಳುತ್ತದೆ. ಅಲ್ಲಿ ಯಾವುದು ಉಳಿಯಬೇಕೆಂದು ಆರಿಸಲಾಗದು, ತೇಪೆ ತೇಪೆಯಾಗಬಹುದು. ಸೂಜಿ ಒಂದೊಂದೇ ಕೂದಲಿನ ಬಳಿ ಹೋಗುತ್ತದೆ. ಇದು ಹೋಗಲಿ, ಪಕ್ಕದ್ದು ಇರಲಿ ಎನ್ನಬಹುದು. ತೆಳುವು ಮಾಡುವುದೆಂದರೆ ಈ ಆಯ್ಕೆಯೇ.

ಷಡ್ಡಕ ತಗ್ಗಿದ ದನಿಯಲ್ಲಿ ಹೇಳಿದ ಮಾತು ನನ್ನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸಿತು. "ಅದು ಹೆಣ್ಣಾಗುವವರು ಮಾಡಿಸಿಕೊಳ್ಳೋದಂತೆ." ಹೌದು, ಅವರೂ ಮಾಡಿಸಿಕೊಳ್ಳುತ್ತಾರೆ, ನನಗಿಂತ ಅವರಿಗೇ ಇದರ ಅಗತ್ಯ ಹೆಚ್ಚು. ಹಾರ್ಮೋನು ತೆಗೆದುಕೊಂಡರೂ ಒಮ್ಮೆ ಬೆಳೆದ ಗಡ್ಡ ಹೋಗುವುದಿಲ್ಲ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆಯ 15ನೇ ಕಲಮು, ವಿಮೆಯಲ್ಲಿ ಸೇರಬೇಕಾದ ಚಿಕಿತ್ಸೆಗಳ ನಡುವೆ ಲೇಸರನ್ನೂ ಹೆಸರಿಸಿತು. ಟ್ರಾನ್ಸ್‌ಜೆಂಡರ್ ಕಲಾವಿದೆ ಜೋಗತಿ ಮಂಜಮ್ಮನವರಿಗೆ ದೇಶ ಪದ್ಮಶ್ರೀ ಕೊಟ್ಟಾಗ ಇದೇ ಮನೆಯವರೆಲ್ಲ ಟಿ.ವಿ. ಮುಂದೆ ಕೂತು ಚಪ್ಪಾಳೆ ತಟ್ಟಿದೆವು. ಅಂಥವರಿಗೆ ಬೇಕಾದ ಚಿಕಿತ್ಸೆ ನನಗೂ ಬೇಕಾಯಿತು ಎಂದರೆ ಅದರಲ್ಲಿ ಅವಮಾನ ಎಲ್ಲಿದೆ? ಆ ಮಾತನ್ನು ಬೈಗುಳದಂತೆ ಬಳಸುವುದನ್ನು ನಾನು ಒಪ್ಪುವುದಿಲ್ಲ.

ಸರಿಯಾಗಿ ಬೋಳಿಸಿದರೆ ಸಾಕೆನ್ನುವ ಕಟಿಂಗ್ ಶಾಪಿನ ಅಣ್ಣನ ಮಾತನ್ನು ಮಾತ್ರ ಅರ್ಧ ಒಪ್ಪುತ್ತೇನೆ. ಬಿಸಿನೀರಿನ ಬಟ್ಟೆ ಇಟ್ಟು ಕೂದಲು ಮೆತ್ತಗಾದ ಮೇಲೆ ಹೊಸ ಬ್ಲೇಡಿನಲ್ಲಿ ಕೂದಲು ಬಾಗಿದ ದಿಕ್ಕಿಗೇ ಎಳೆಯಬೇಕು, ರಿವರ್ಸ್ ಹೊಡೆಯಬಾರದು ಎಂದು ಕಲಿಸಿದವರು ಅವರು. ಗುಳ್ಳೆ ಅರ್ಧಕ್ಕೆ ಇಳಿಯಿತು. ಎಷ್ಟೋ ಜನರಿಗೆ ಅಷ್ಟೇ ಸಾಕು, ಸೂಜಿ ಬೇಕಿಲ್ಲ. ನನ್ನ ಕತ್ತಿಗೆ ಸಾಲಲಿಲ್ಲ.

ಉಳಿದದ್ದು ದುಡ್ಡು, ಸಮಯ. ಇಲ್ಲಿ ನನ್ನ ಬಳಿ ಹಗುರ ಉತ್ತರವಿಲ್ಲ. ಗಂಟೆ ಲೆಕ್ಕದ ಖರ್ಚು, ನೋವು, ಮೂರು ದಿನ ಬೋಳಿಸದೆ ಕೂದಲು ಹಿಡಿತಕ್ಕೆ ಬರಲೆಂದು ಕಾಯುವುದು, ಆಮೇಲೆ ವಾರದವರೆಗೆ ಸಣ್ಣ ಹೆಕ್ಕಳೆ, ಬಿಸಿಲಿಗೆ ಮುಖ ಒಡ್ಡದಿರುವುದು. ಗಂಡಸಿನ ಪೂರ್ತಿ ಗಡ್ಡ ತೆಗೆಯಲು ನೂರು ಗಂಟೆಗೂ ಹೆಚ್ಚು ಹಿಡಿಯುತ್ತದೆ, ನನ್ನದು ಅದರ ಸಣ್ಣ ಪಾಲು. ಚಿಕಿತ್ಸೆಗೆಂದು ಅರಸೀಕೆರೆ ಜಂಕ್ಷನ್ನಿನಲ್ಲಿ ಬೆಳಗಿನ ರೈಲು ಹತ್ತಿದರೆ ಮತ್ತೆ ಮನೆ ಸೇರುವುದು ರಾತ್ರಿಗೆ.

ಹೋದ ಕೂದಲು ತಿರುಗಿ ಬಾರದು, ಮುಂದೆ ಬೇಕೆನಿಸಿದರೆ ಏನು ಮಾಡುತ್ತೀಯ ಎಂದು ಮಾವನವರು ಕೊನೆಗೆ ಕೇಳಿದರು. ಅವರ ಪ್ರಶ್ನೆಗಳಲ್ಲೆಲ್ಲ ಅದೇ ಗಟ್ಟಿ. ಅದಕ್ಕೇ ನಿಧಾನವಾಗಿ ಹೋಗುತ್ತಿದ್ದೇನೆ. ಕತ್ತಿನ ಒಂದು ಸುತ್ತು ಮುಗಿದ ಮೇಲೆ ನಾಲ್ಕು ತಿಂಗಳು ನಿಲ್ಲಿಸಿ ನೋಡಿದೆ. ಈಗ ಕಾಲರಿಗೆ ರಕ್ತ ಹತ್ತುತ್ತಿಲ್ಲ. ಮುಂದಿನ ಸಲ ಎಡ ದವಡೆಯ ಕೆಳಗೆ. ಮೀಸೆ ಮುಟ್ಟಬೇಡಿ ಎಂದು ಹೇಳಿದ್ದೇನೆ.