ಅಂಗಡಿಯ ಹಳೆಯ ಕಾರು ಮಗನ ಪಾಲಿಗೇಕೆ?

ನಮ್ಮ ಭಾಗದ ವ್ಯಾಪಾರಸ್ಥ ಕುಟುಂಬಗಳಲ್ಲಿ ಒಂದು ಅಲಿಖಿತ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಯಜಮಾನರು ಹೊಸ ಕಾರು ಕೊಂಡಾಗ ಹಳೆಯ ಕಾರು ಮಾರಾಟವಾಗುವುದಿಲ್ಲ. ಅದು ಮೊದಲು ಅಂಗಡಿಯ ಕೆಲಸಕ್ಕೆ, ಬಳಿಕ ಗೋದಾಮಿನ ಓಡಾಟಕ್ಕೆ, ಕೊನೆಗೆ ಆಗಷ್ಟೇ ಹದಿನೆಂಟು ತುಂಬಿದ ಮಗನ ಕೈಗೆ ಬರುತ್ತದೆ. "ಹುಡುಗ ಇನ್ನೂ ಕಲಿಯುವವನು, ಎಲ್ಲಿಯಾದರೂ ತಾಗಿಸಿಯೇ ತಾಗಿಸುತ್ತಾನೆ, ಹಳೆಯದೇ ಇರಲಿ" ಎಂಬುದು ಎಲ್ಲರ ಸಮರ್ಥನೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಬೇಳೆ ಗಿರಣಿ, ಫರ್ಸಿ ಪಾಲಿಶ್ ಘಟಕ, ಅಡತ್ ಅಂಗಡಿಗಳಲ್ಲಿ ಈ ಮಾತನ್ನು ಕೇಳದವರು ವಿರಳ.

ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಅನುಭವವುಳ್ಳ ಚಾಲಕನಿಗೆ ಎಲ್ಲಕ್ಕಿಂತ ಕಡಿಮೆ ರಕ್ಷಣೆಯುಳ್ಳ ವಾಹನವನ್ನು ಕೊಡುವ ಈ ಲೆಕ್ಕಾಚಾರ ತಲೆಕೆಳಗಾದುದು ಎಂಬುದು ನನ್ನ ಖಚಿತ ಅಭಿಪ್ರಾಯ. ಮಕ್ಕಳಿಗೆ ಹೊಸ ಕಾರನ್ನೇ ಕೊಡಿಸಬೇಕೆಂದು ನಾನು ಹೇಳುತ್ತಿಲ್ಲ. ಬಳಸಿದ ಕಾರೇ ಸಾಕು, ಅದೇ ಯೋಗ್ಯವೂ ಹೌದು. ಆದರೆ ಅದು ಮನೆಯಲ್ಲಿ ಮಿಕ್ಕುಳಿದ ಕಾರಾಗಿರದೆ, ಆ ಮಗುವಿಗಾಗಿಯೇ ನೋಡಿ, ತೂಗಿ ಆರಿಸಿದ ಕಾರಾಗಿರಬೇಕು.

ಈ ಅಭಿಪ್ರಾಯಕ್ಕೆ ನಾನು ಪುಸ್ತಕ ಓದಿ ಬಂದವನಲ್ಲ. 2018ರ ಡಿಸೆಂಬರ್ ತಿಂಗಳಲ್ಲಿ, ತೊಗರಿಯ ಆವಕ ಜೋರಾಗಿದ್ದಾಗ, ನನ್ನ ಹಿರಿಯ ಮಗ ಚಿತ್ತಾಪುರದಿಂದ ಸೇಡಂಗೆ ರಾತ್ರಿ ಹಿಂದಿರುಗುತ್ತಿದ್ದ. ಲೈಸೆನ್ಸ್ ಸಿಕ್ಕು ನಾಲ್ಕು ತಿಂಗಳಾಗಿತ್ತು. ಅವನ ಕೈಯಲ್ಲಿದ್ದುದು ನಮ್ಮ ಪೇಢಿಯ 2011ರ ಸಣ್ಣ ಕಾರು. ಎರಡು ಏರ್‌ಬ್ಯಾಗ್‌ಗಳಿದ್ದ ಹೊಸ ಕಾರು ನನ್ನ ಮನೆಯ ಮುಂದೆ ನಿಂತಿತ್ತು. ಹಿಂದೀಪವಿಲ್ಲದೆ ರಸ್ತೆಯಂಚಿನಲ್ಲಿ ನಿಂತಿದ್ದ ತೊಗರಿ ಚೀಲಗಳ ಟ್ರಾಲಿ ಅವನಿಗೆ ಕಂಡದ್ದು ಎದುರಿನ ಲಾರಿಯ ಬೆಳಕು ಸರಿದ ಮೇಲೆ. ಬೆಲ್ಟ್ ಹಾಕಿದ್ದರಿಂದ ಜೀವ ಉಳಿಯಿತು. ಸ್ಟೇರಿಂಗ್‌ಗೆ ಬಡಿದು ದವಡೆ ಮುರಿಯಿತು, ಎರಡು ಪಕ್ಕೆಲುಬುಗಳು ಬಿರುಕುಬಿಟ್ಟವು. ಆಸ್ಪತ್ರೆಗೆ ತೆತ್ತ ಹಣದಲ್ಲಿ ಏರ್‌ಬ್ಯಾಗ್ ಇರುವ ಉತ್ತಮ ಬಳಸಿದ ಕಾರೊಂದು ಬರುತ್ತಿತ್ತು. ವ್ಯಾಪಾರದಲ್ಲಿ ಇಂತಹ ಲೆಕ್ಕ ತಪ್ಪಿದರೆ ನಾವು ಗುಮಾಸ್ತನನ್ನು ಪ್ರಶ್ನಿಸುತ್ತೇವೆ. ಇಲ್ಲಿ ಪ್ರಶ್ನಿಸಬೇಕಾದುದು ನನ್ನನ್ನೇ ಆಗಿತ್ತು.

ನಮ್ಮ ರಸ್ತೆಗಳ ಸ್ವರೂಪ

ಹೊಸ ಚಾಲಕನಿಗೆ ನಮ್ಮ ತಾಲೂಕುಗಳ ರಸ್ತೆಗಳು ಸುಲಭವಾದವುಗಳಲ್ಲ. ಸೇಡಂ, ಮಳಖೇಡ, ವಾಡಿಗಳ ಸುತ್ತ ಸಿಮೆಂಟ್ ಲಾರಿ, ಬಲ್ಕರ್ ಮತ್ತು ಸುಣ್ಣಕಲ್ಲಿನ ಟಿಪ್ಪರುಗಳು ಹಗಲಿರುಳು ಓಡಾಡುತ್ತವೆ. ಶಹಾಬಾದ್ ಕಡೆ ಫರ್ಸಿ ಹೇರಿದ ಲಾರಿಗಳು, ಸುಗ್ಗಿಯಲ್ಲಿ ಎಲ್ಲೆಡೆ ದೀಪವಿಲ್ಲದ ಟ್ರಾಲಿಗಳು, ಚಿಂಚೋಳಿಯ ಅರಣ್ಯದಂಚಿನಲ್ಲಿ ತಿರುವುಗಳು. ಮಳೆಗಾಲದಲ್ಲಿ ಡಾಂಬರಿನ ಅಂಚು ಬಿಟ್ಟು ಇಳಿದರೆ ಕಪ್ಪು ಮಣ್ಣಿನಲ್ಲಿ ಚಕ್ರ ಜಾರುತ್ತದೆ. ಇಂತಹ ರಸ್ತೆಯಲ್ಲಿ ಹತ್ತಾರು ವರ್ಷ ಓಡಿಸಿದ ತಂದೆಗೆ ಅಪಾಯವು ಮುಂಚಿತವಾಗಿಯೇ ಕಣ್ಣಿಗೆ ಬೀಳುತ್ತದೆ. ಹದಿನೆಂಟರ ಮಗನಿಗೆ ಅದು ಎದುರಾದ ಮೇಲೆಯೇ ತಿಳಿಯುತ್ತದೆ. ಆ ಕೊರತೆಯನ್ನು ವಾಹನವು ಸ್ವಲ್ಪಮಟ್ಟಿಗಾದರೂ ತುಂಬಿಕೊಡಬೇಕು.

ಯಾವ ವರ್ಷದ ಕಾರು?

ಬಳಸಿದ ಕಾರು ಕೊಳ್ಳುವಾಗ ನಾವು ಮೊದಲು ಕೇಳುವುದು "ಎಷ್ಟು ಓಡಿದೆ, ಎಷ್ಟು ಮೈಲೇಜು ಕೊಡುತ್ತದೆ" ಎಂದು. ಮಕ್ಕಳಿಗೆ ಕೊಳ್ಳುವಾಗ ಮೊದಲು ಕೇಳಬೇಕಾದುದು ತಯಾರಾದ ತಿಂಗಳು ಮತ್ತು ವರ್ಷ. ಇದಕ್ಕೆ ಕಾರಣವಿದೆ. ನಮ್ಮ ದೇಶದಲ್ಲಿ ಹೊಸ ಕಾರುಗಳಿಗೆಲ್ಲ ಚಕ್ರ ಬಿಗಿದು ಜಾರದಂತೆ ತಡೆಯುವ ಎ.ಬಿ.ಎಸ್. ಬ್ರೇಕ್ ಕಡ್ಡಾಯವಾದುದು 2019ರ ಏಪ್ರಿಲ್‌ನಿಂದ. ಚಾಲಕನ ಏರ್‌ಬ್ಯಾಗ್, ಸೀಟ್ ಬೆಲ್ಟ್ ನೆನಪಿಸುವ ಗಂಟೆ, 80 ಕಿ.ಮೀ. ವೇಗ ಮೀರಿದರೆ ಎಚ್ಚರಿಸುವ ವ್ಯವಸ್ಥೆ ಮತ್ತು ಹಿಂಬದಿಯ ಪಾರ್ಕಿಂಗ್ ಸೆನ್ಸರ್ ಕಡ್ಡಾಯವಾದುದು 2019ರ ಜುಲೈ 1ರಿಂದ. ಮುಂದಿನ ಸೀಟಿನ ಪ್ರಯಾಣಿಕನಿಗೂ ಏರ್‌ಬ್ಯಾಗ್ ಎಲ್ಲ ಹೊಸ ಕಾರುಗಳಲ್ಲಿ ಬಂದುದು 2022ರ ಆರಂಭದಿಂದ. ಅದಕ್ಕಿಂತ ಹಿಂದಿನ ಕಾರುಗಳಲ್ಲಿ ಇವು ಇದ್ದರೂ ಇರಬಹುದು, ಆದರೆ ಹೆಚ್ಚಾಗಿ ದುಬಾರಿ ಶ್ರೇಣಿಗಳಲ್ಲಿ ಮಾತ್ರ.

ಇದರಿಂದಾಗುವ ಅಂತರ ಸಣ್ಣದಲ್ಲ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯು ಭಾರತದ ಐದು ಜನಪ್ರಿಯ ಸಣ್ಣ ಕಾರುಗಳ ಏರ್‌ಬ್ಯಾಗ್ ಇಲ್ಲದ ಮಾದರಿಗಳನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಅಡೆತಡೆಗೆ ಢಿಕ್ಕಿ ಹೊಡೆಸಿ ಪರೀಕ್ಷಿಸಿತು. ದೊಡ್ಡವರ ರಕ್ಷಣೆಯಲ್ಲಿ ಐದಕ್ಕೂ ದೊರೆತುದು ಶೂನ್ಯ ತಾರೆ. ಅವುಗಳಲ್ಲೊಂದಾದ ಫೋಕ್ಸ್‌ವ್ಯಾಗನ್ ಪೋಲೊ ಕಾರನ್ನು ಎರಡು ಏರ್‌ಬ್ಯಾಗ್ ಸಹಿತ ಪರೀಕ್ಷಿಸಿದಾಗ ನಾಲ್ಕು ತಾರೆ ದೊರೆಯಿತು. 2018ರಲ್ಲಿ ಟಾಟಾ ನೆಕ್ಸಾನ್ ಐದು ತಾರೆ ಪಡೆಯಿತು. 2023ರ ಅಕ್ಟೋಬರ್‌ನಿಂದ ಸರ್ಕಾರದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯೂ ಜಾರಿಯಲ್ಲಿದೆ. ಕೊಳ್ಳಲಿರುವ ಮಾದರಿಗೆ, ಆ ವರ್ಷದ ತಯಾರಿಕೆಗೆ, ಎಷ್ಟು ತಾರೆ ಬಂದಿದೆಯೆಂದು ನೋಡಿಕೊಳ್ಳುವುದು ಐದು ನಿಮಿಷದ ಕೆಲಸ.

ಆದುದರಿಂದ ನನ್ನ ಸಲಹೆ ಇಷ್ಟು: 2019ರ ಜುಲೈಗಿಂತ ಹಿಂದಿನ ಕಾರು ಬೇಡ, ಕೈಲಾದರೆ 2022ರ ನಂತರದ್ದು. ಅಮೆರಿಕದಲ್ಲಿ ವಿಮಾ ಕಂಪನಿಗಳ ನೆರವಿನಿಂದ ನಡೆಯುವ ಹೆದ್ದಾರಿ ಸುರಕ್ಷತಾ ಸಂಸ್ಥೆಯೊಂದು ಹದಿಹರೆಯದ ಚಾಲಕರಿಗೆ ತಕ್ಕ ಬಳಸಿದ ಕಾರುಗಳ ಪಟ್ಟಿಯನ್ನೇ ಪ್ರಕಟಿಸುತ್ತದೆ. ಅದರ ಸೂತ್ರಗಳು ಸರಳ: ತೀರ ಸಣ್ಣ ಕಾರು ಬೇಡ, ಹೆಚ್ಚು ಶಕ್ತಿಯ ಎಂಜಿನ್ ಬೇಡ, ಕಾರು ಅಡ್ಡ ಜಾರದಂತೆ ತಡೆಯುವ ಸ್ಥಿರತಾ ನಿಯಂತ್ರಣ ವ್ಯವಸ್ಥೆ ಇರಲೇಬೇಕು. ಮಗನ ಹಟಕ್ಕೆ ಮಣಿದು ಎತ್ತರದ, ಭಾರಿ ಎಂಜಿನ್ನಿನ ಜೀಪಿನಂತಹ ವಾಹನ ಕೊಡಿಸುವವರು ಇದನ್ನು ಗಮನಿಸಬೇಕು.

ಪರಿಶೀಲನೆಯಲ್ಲಿ ಮರೆಯಬಾರದ ಅಂಶಗಳು

ತೊಗರಿಯ ಮಾದರಿಯನ್ನು ಅಂಗೈಯಲ್ಲಿಟ್ಟು ಉಜ್ಜಿ ನೋಡಿ ದರ ಹೇಳುವ ನಾವು ಕಾರಿನ ವಿಷಯದಲ್ಲಿ ಹೊಳಪಿಗೆ ಮರುಳಾಗುತ್ತೇವೆ. ನಂಬಿಕೆಯ ಮಿಸ್ತ್ರಿಯೊಬ್ಬನನ್ನು ಕರೆದೊಯ್ದು ಹಗಲಿನಲ್ಲಿಯೇ ನೋಡಬೇಕು. ಕೀಲಿ ತಿರುವಿದಾಗ ಏರ್‌ಬ್ಯಾಗ್ ಚಿಹ್ನೆಯ ದೀಪ ಬೆಳಗಿ ಕೆಲ ಕ್ಷಣಗಳಲ್ಲಿ ಆರಬೇಕು. ಆರದೆ ಉಳಿದರೆ ದೋಷವಿದೆ. ಬೆಳಗದೇ ಇದ್ದರೆ ಸಂಶಯ ಇನ್ನೂ ಹೆಚ್ಚು, ಏಕೆಂದರೆ ಅಪಘಾತದಲ್ಲಿ ಏರ್‌ಬ್ಯಾಗ್ ಸಿಡಿದ ಕಾರಿಗೆ ಹೊಸದನ್ನು ಹಾಕದೆ ದೀಪದ ತಂತಿಯನ್ನಷ್ಟೇ ತೆಗೆದು ಮಾರುವವರಿದ್ದಾರೆ. ಬೆಲ್ಟನ್ನು ಪೂರ್ತಿ ಎಳೆದು ಹರಿದಿದೆಯೇ ನೋಡಬೇಕು, ಥಟ್ಟನೆ ಜಗ್ಗಿದರೆ ಅದು ಬಿಗಿಯಬೇಕು. ಟೈರಿನ ಪಕ್ಕೆಯ ಮೇಲಿರುವ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ. 1819 ಎಂದಿದ್ದರೆ 2019ರ ಹದಿನೆಂಟನೆಯ ವಾರ ಎಂದರ್ಥ. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಮುದಿ ಟೈರನ್ನು ನಂಬಲಾಗದು.

ನಮ್ಮ ಭಾಗಕ್ಕೆ ವಿಶೇಷವಾದ ಮೂರು ಸಂಗತಿಗಳಿವೆ. ಮೊದಲನೆಯದು ಧೂಳು. ಪಾಲಿಶ್ ಘಟಕ ಅಥವಾ ಸಿಮೆಂಟ್ ಕಾರ್ಖಾನೆಯ ಬಳಿ ನಿಲ್ಲುತ್ತಿದ್ದ ಕಾರಿನ ಏರ್ ಫಿಲ್ಟರ್, ರೇಡಿಯೇಟರ್, ಕಿಟಕಿಯ ಸಂದುಗಳನ್ನು ತೆಗೆಸಿ ನೋಡಬೇಕು. ಎರಡನೆಯದು ನೀರು. 2020ರ ಅಕ್ಟೋಬರ್‌ನಲ್ಲಿ ಭೀಮಾ, ಕಾಗಿಣಾ ನದಿಗಳು ಉಕ್ಕಿದುದು ಎಲ್ಲರಿಗೂ ನೆನಪಿದೆ. ನೀರಲ್ಲಿ ಮುಳುಗಿದ ಕಾರಿನ ತಂತಿಗಳು ಕಾಲಕ್ರಮದಲ್ಲಿ ಕೈಕೊಡುತ್ತವೆ. ಸ್ಟೆಪ್ನಿ ಇಡುವ ಗುಂಡಿಯಲ್ಲಿ ಕೆಸರಿನ ಪದರ, ಸೀಟಿನ ಹಳಿಗಳಿಗೆ ಹಿಡಿದ ತುಕ್ಕು, ಜಮಖಾನೆಯಡಿಯ ಮುಗ್ಗಲು ವಾಸನೆ ಇವೇ ಅದರ ಗುರುತುಗಳು. ಮೂರನೆಯದು ಬಾಡಿಗೆಯ ಇತಿಹಾಸ. ಕಾರ್ಖಾನೆಗಳಿಗೆ ಹಳದಿ ಫಲಕದಲ್ಲಿ ಓಡಿ, ಬಳಿಕ ಬಿಳಿ ಫಲಕಕ್ಕೆ ಬದಲಾದ ಕಾರುಗಳಲ್ಲಿ ಮೀಟರು ತೋರಿಸುವ ಸಂಖ್ಯೆಯನ್ನು ನಂಬದೆ ಅಧಿಕೃತ ಸರ್ವಿಸ್ ದಾಖಲೆಯೊಂದಿಗೆ ತಾಳೆ ನೋಡಬೇಕು.

ದಸ್ತಾವೇಜು ಮತ್ತು ವಿಮೆ

ಕಾಗದಪತ್ರದ ವಿಷಯದಲ್ಲಿ ಮಾತಿನ ಭರವಸೆ ಸಲ್ಲದು. ಆರ್.ಸಿ., ಸಾಲದ ನಮೂದು, ವಿಮೆಯ ಅವಧಿಗಳನ್ನು ಎಂ-ಪರಿವಾಹನ್ ಆ್ಯಪ್‌ನಲ್ಲಿಯೇ ನೋಡಬಹುದು. ಸೇಡಂ, ಚಿಂಚೋಳಿಗಳ ಗಡಿಯಾಚೆ ತೆಲಂಗಾಣದ ಕಾರು ಅಗ್ಗವಾಗಿ ಸಿಗಬಹುದು. ಆದರೆ ಅಲ್ಲಿನ ನಿರಾಕ್ಷೇಪಣಾ ಪತ್ರ ಮತ್ತು ಕರ್ನಾಟಕದ ತೆರಿಗೆ ಸೇರಿಸಿದ ಮೇಲೆ ಉಳಿತಾಯವೆಷ್ಟೆಂದು ಮೊದಲೇ ಲೆಕ್ಕ ಹಾಕಬೇಕು. ಕೊಂಡವರು ವಿಮೆಯನ್ನು ತಮ್ಮ ಹೆಸರಿಗೆ ಮಾಡಿಸಲು 14 ದಿನಗಳೊಳಗೆ ಅರ್ಜಿ ಸಲ್ಲಿಸಬೇಕು.

ಪೇಢಿಯ ಹಳೆಯ ಕಾರನ್ನು ಮಾರುವವರಿಗೂ ಎರಡು ಮಾತು. ಆರ್.ಸಿ.ಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ಹೆಸರು ಬದಲಾಗುವವರೆಗೆ ಕಾರು ಮಾರಿದಂತಾಗಲಿಲ್ಲ. ಸವಕಳಿ ಪಡೆದ ಕಾರನ್ನು ಜಿ.ಎಸ್.ಟಿ. ನೋಂದಾಯಿತರು ಮಾರಿದಾಗ ತೆರಿಗೆ ಬೀಳುವುದು ಪೂರ್ತಿ ಬೆಲೆಯ ಮೇಲಲ್ಲ. ಸವಕಳಿ ಕಳೆದು ಉಳಿದ ಮೌಲ್ಯಕ್ಕಿಂತ ಹೆಚ್ಚಾಗಿ ಬಂದ ಮೊತ್ತದ ಮೇಲೆ ಮಾತ್ರ. 2025ರ ಜನವರಿಯಿಂದ ಈ ದರ ಶೇ. 18.

ಇನ್ನು ನಾನು ಪೆಟ್ಟು ತಿಂದು ಕಲಿತ ಪಾಠ. ವಿಮೆಯೊಂದಿಗೆ ಕಡ್ಡಾಯವಾಗಿ ಬರುವ ವೈಯಕ್ತಿಕ ಅಪಘಾತ ರಕ್ಷಣೆ ಮಾಲೀಕನೇ ಚಾಲಕನಾಗಿದ್ದಾಗ ಮಾತ್ರ ಸಲ್ಲುತ್ತದೆ. ಕಾರು ಪೇಢಿಯ ಹೆಸರಿನಲ್ಲಿದ್ದರೆ ಆ ರಕ್ಷಣೆಯೇ ಇಲ್ಲ. ತಂದೆಯ ಹೆಸರಿನಲ್ಲಿದ್ದು ಮಗ ಓಡಿಸಿದರೆ ಅದು ಮಗನಿಗೆ ಅನ್ವಯಿಸುವುದಿಲ್ಲ. ನನ್ನ ಮಗನ ಚಿಕಿತ್ಸೆಗೆ ಅದರಿಂದ ಒಂದು ರೂಪಾಯಿಯೂ ಬರಲಿಲ್ಲ. ಕಾರನ್ನು ಓಡಿಸುವ ಮಗ ಅಥವಾ ಮಗಳ ಹೆಸರಿನಲ್ಲಿಯೇ ನೋಂದಾಯಿಸುವುದು, ಇಲ್ಲವೇ ಅವರಿಗೆ ಪ್ರತ್ಯೇಕ ಅಪಘಾತ ವಿಮೆ ಮಾಡಿಸುವುದು ವಿವೇಕದ ಕೆಲಸ.

ಹದಿನೆಂಟರ ಕೆಳಗಿನವರು

ಅಪ್ರಿಯವಾದರೂ ಹೇಳಲೇಬೇಕಾದ ಮಾತೊಂದಿದೆ. ನಮ್ಮಲ್ಲಿ ಅನೇಕರು ಹದಿನಾರರ ಹುಡುಗನ ಕೈಗೆ ಕೀಲಿ ಕೊಟ್ಟು "ಬ್ಯಾಂಕಿಗೆ ಹಣ ಕಟ್ಟಿ ಬಾ, ಇಲ್ಲೇ ಅರ್ಧ ಕಿಲೋಮೀಟರು" ಎಂದು ಕಳುಹಿಸುತ್ತೇವೆ. ನಾನೂ ಕಳುಹಿಸಿದವನೇ. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ ಸೇರಿದ 199ಎ ಕಲಮಿನ ಪ್ರಕಾರ ಅಪ್ರಾಪ್ತ ವಯಸ್ಕನು ಅಪರಾಧವೆಸಗಿದರೆ ಪಾಲಕರು ಅಥವಾ ವಾಹನದ ಮಾಲೀಕರು ತಪ್ಪಿತಸ್ಥರು. ಮೂರು ವರ್ಷಗಳವರೆಗೆ ಸೆರೆವಾಸ, 25,000 ರೂಪಾಯಿ ದಂಡ, ವಾಹನದ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಲೈಸೆನ್ಸ್ ಇಲ್ಲದ ಚಾಲಕನಿಂದ ಅಪಘಾತವಾದರೆ ವಿಮಾ ಕಂಪನಿಯು ಗಾಯಾಳುವಿಗೆ ಪರಿಹಾರ ಕೊಟ್ಟು, ಅದನ್ನು ಮಾಲೀಕನಿಂದ ವಸೂಲು ಮಾಡಲು 2004ರ ಸ್ವರಣ್ ಸಿಂಗ್ ತೀರ್ಪು ದಾರಿ ಮಾಡಿಕೊಟ್ಟಿದೆ. ವಸೂಲಿಗೆ ಅಂಗಡಿ, ಗಿರಣಿ ಎಂಬ ಭೇದವಿಲ್ಲ. 2024ರ ಮೇ 19ರಂದು ಪುಣೆಯಲ್ಲಿ 17 ವರ್ಷದ ಹುಡುಗನು ಓಡಿಸುತ್ತಿದ್ದನೆನ್ನಲಾದ ಕಾರಿಗೆ ಇಬ್ಬರು ಯುವ ಇಂಜಿನಿಯರುಗಳು ಬಲಿಯಾದಾಗ, ಉದ್ಯಮಿಯಾದ ಅವನ ತಂದೆಯೂ ಬಂಧನಕ್ಕೊಳಗಾದುದನ್ನು ನಾವೆಲ್ಲರೂ ಓದಿದ್ದೇವೆ. ಹಣವಿದ್ದ ಮನೆಗಳಿಗೂ ಅಂತಹ ದಿನ ಬರುತ್ತದೆ, ಸತ್ತವರ ಮನೆಗಳಿಗಂತೂ ಆ ದಿನ ಮುಗಿಯುವುದೇ ಇಲ್ಲ.

ಮನೆಯ ಕಾನೂನು

ಅನೇಕ ದೇಶಗಳಲ್ಲಿ ಹೊಸ ಚಾಲಕರಿಗೆ ಲೈಸೆನ್ಸನ್ನು ಹಂತಹಂತವಾಗಿ ಕೊಡುತ್ತಾರೆ. ಮೊದಲ ಹಂತದಲ್ಲಿ ರಾತ್ರಿಯ ಚಾಲನೆಗೆ ಮತ್ತು ಗೆಳೆಯರನ್ನು ತುಂಬಿಕೊಂಡು ಹೋಗುವುದಕ್ಕೆ ನಿರ್ಬಂಧವಿರುತ್ತದೆ. ನಮ್ಮಲ್ಲಿ ಅಂತಹ ಕಾನೂನಿಲ್ಲ. ಆದ್ದರಿಂದ ಅದನ್ನು ಮನೆಯಲ್ಲಿಯೇ ಮಾಡಿಕೊಳ್ಳಬೇಕು. ನನ್ನ ಮಗಳಿಗೆ ಹದಿನೆಂಟು ತುಂಬಿದಾಗ ಪೇಢಿಯ ಕಾರನ್ನು ಮಾರಿ, ಒಬ್ಬರೇ ಬಳಸಿದ್ದ 2020ರ ಕಾರೊಂದನ್ನು ಪರೀಕ್ಷಿಸಿ ಅವಳ ಹೆಸರಿನಲ್ಲಿಯೇ ಕೊಂಡೆ. ಮೊದಲ ಆರು ತಿಂಗಳು ಕತ್ತಲಾದ ಮೇಲೆ ಒಬ್ಬಳೇ ಓಡಿಸಬಾರದು, ಒಬ್ಬರಿಗಿಂತ ಹೆಚ್ಚು ಗೆಳತಿಯರು ಬೇಡ, ಹಿಂದೆ ಕುಳಿತವರಿಗೂ ಬೆಲ್ಟ್ ಕಡ್ಡಾಯ, ಮೊಬೈಲು ಡಿಕ್ಕಿಯಲ್ಲಿ ಎಂದು ಒಪ್ಪಂದ ಮಾಡಿಕೊಂಡೆವು. ಅವಳು ಮರುಷರತ್ತೊಂದನ್ನು ಹಾಕಿದಳು: "ಅಪ್ಪಾಜಿ, ನೀವೂ ಬೆಲ್ಟ್ ಹಾಕಬೇಕು, ಊರೊಳಗೂ." ಆ ಷರತ್ತಿಗೆ ಸಹಿ ಹಾಕುವುದು ನನಗೆ ಉಳಿದೆಲ್ಲಕ್ಕಿಂತ ಕಷ್ಟವಾಯಿತು. 2022ರಲ್ಲಿ ದೇಶದಲ್ಲಿ ಬೆಲ್ಟ್ ಧರಿಸದೆ ಸತ್ತವರು 16,715 ಮಂದಿ. ಅವರಲ್ಲಿ ಚಾಲಕರಲ್ಲದವರು 8,331 ಮಂದಿ.

ಹೆಣ್ಣುಮಕ್ಕಳ ಮಾತು ಬಂದುದರಿಂದ ಇದನ್ನೂ ಹೇಳುತ್ತೇನೆ. ಮಗನಿಗೆ ಹಳೆಯ ಕಾರು ಕೊಡುವ ನಾವು ಮಗಳಿಗೆ ಯಾವುದನ್ನೂ ಕೊಡುವುದಿಲ್ಲ. ಕಲಬುರಗಿಯ ಕಾಲೇಜಿಗೆ ಹೋಗುವ, ನಾಳೆ ಲೆಕ್ಕಪತ್ರ ನೋಡಲಿರುವ ಮಗಳಿಗೂ ಸುರಕ್ಷಿತ ಚಾಲನೆಯನ್ನು ಕಲಿಸುವುದು ನಮ್ಮ ಕರ್ತವ್ಯ.

ನಮ್ಮ ಸಂಸ್ಥೆಯ ಮುಂದೆ ಒಂದು ವಿನಂತಿಯಿದೆ. ತೆರಿಗೆ ಮತ್ತು ಪರವಾನಗಿಗಳ ಕುರಿತು ಶಿಬಿರಗಳನ್ನು ನಡೆಸುವಂತೆಯೇ, ಸಾರಿಗೆ ಇಲಾಖೆಯ ಸಹಕಾರದೊಂದಿಗೆ ತಾಲೂಕು ಮಟ್ಟದಲ್ಲಿ ಸದಸ್ಯರ ಮಕ್ಕಳಿಗಾಗಿ ಚಾಲನಾ ಶಿಬಿರವನ್ನು ಏರ್ಪಡಿಸಬೇಕು. ಸುಗ್ಗಿಗೆ ಮುನ್ನ ಮಾರುಕಟ್ಟೆಗೆ ಬರುವ ಟ್ರಾಲಿಗಳಿಗೆ ಪ್ರತಿಫಲಕ ಪಟ್ಟಿ ಅಂಟಿಸುವ ವೆಚ್ಚವನ್ನು ವರ್ತಕರೇ ಭರಿಸಬೇಕು. ಆ ಟ್ರಾಲಿಗಳಲ್ಲಿ ಬರುವುದು ನಮ್ಮ ಮಾಲೇ ಅಲ್ಲವೇ?

ನನ್ನ ಮಗನಿಗೆ ಈಗಲೂ ಚಳಿಗಾಲದಲ್ಲಿ ದವಡೆ ನೋಯುತ್ತದೆ. ಅವನು ಅದನ್ನು ಹೇಳುವುದಿಲ್ಲ, ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನುವಾಗ ನನಗೆ ತಿಳಿಯುತ್ತದೆ. ಹಳೆಯ ಕಾರನ್ನು ಮನೆಯಲ್ಲಿ ಉಳಿಸಿಕೊಳ್ಳುವ ಮುನ್ನ ವರ್ತಕ ಬಾಂಧವರು ಒಮ್ಮೆ ಯೋಚಿಸಲಿ ಎಂಬುದಷ್ಟೇ ನನ್ನ ಪ್ರಾರ್ಥನೆ.