ನಕಲು ಪುಸ್ತಕ ಎಷ್ಟು ಹಳೆಯದು?



ಒಂದು ಊರಿನಲ್ಲಿ ದೀಕ್ಷಾಸ್ನಾನ ಪಡೆದವರು ಇನ್ನೊಂದು ಊರಿನಲ್ಲಿ ಮದುವೆಯಾದರೆ, ಆ ವಿಷಯವನ್ನು ದೀಕ್ಷಾಸ್ನಾನವಾದ ಧರ್ಮಕೇಂದ್ರಕ್ಕೆ ತಿಳಿಸಿ ಅಲ್ಲಿನ ರಿಜಿಸ್ಟರಿನಲ್ಲೂ ಬರೆಸಬೇಕೆಂಬ ನಿಯಮ ನಮ್ಮಲ್ಲಿದೆ. ಕಾಗದ ಹೋಗದಿದ್ದರೆ? ಒಂದು ಪುಸ್ತಕದಲ್ಲಿ ಮದುವೆಯಾದವರು, ಇನ್ನೊಂದರಲ್ಲಿ ಇನ್ನೂ ಅವಿವಾಹಿತರು! ಕಂಪ್ಯೂಟರಿನವರಿಗೂ ಇದೇ ತಲೆನೋವು.

ದೊಡ್ಡ ಸಂಸ್ಥೆಗಳು ಮುಖ್ಯ ಡೇಟಾಬೇಸಿನ ಜೊತೆಗೆ ಒಂದು ಮೀಸಲು ಡೇಟಾಬೇಸನ್ನೂ ಇಟ್ಟುಕೊಳ್ಳುತ್ತವೆ. ಮುಖ್ಯ ಯಂತ್ರ ಪ್ರತಿಯೊಂದು ಬದಲಾವಣೆಯನ್ನೂ ಲಾಗ್ ಎಂಬ ದಿನಚರಿಯಲ್ಲಿ ಬರೆದಿಡುತ್ತದೆ. ಮೀಸಲು ಯಂತ್ರ ಅದನ್ನು ಓದಿ ತನ್ನಲ್ಲೂ ಹಾಗೆಯೇ ತಿದ್ದಿಕೊಳ್ಳುತ್ತದೆ. ಅದು ಓದುವ ಮುನ್ನವೇ ದಿನಚರಿಯ ಹಳೆಯ ಪುಟಗಳು ಅಳಿಸಿಹೋದರೆ, ಎಲ್ಲವನ್ನೂ ಮೊದಲಿನಿಂದ ನಕಲು ಮಾಡದೆ ಬೇರೆ ದಾರಿಯಿಲ್ಲ.

ಪ್ರೋಗ್ರಾಮ್ ಬರೆಯುವವರು ತಮ್ಮ ಕೆಲಸವನ್ನು ಕೂಡಿಡುವ ಗಿಟ್‌ಲ್ಯಾಬ್ ಎಂಬ ತಾಣದಲ್ಲಿ 2017ರ ಜನವರಿ 31ರಂದು ಆದದ್ದು ಇದೇ. ಹಿಂದೆ ಬಿದ್ದ ಮೀಸಲು ಯಂತ್ರವನ್ನು ಸರಿಪಡಿಸಲು ರಾತ್ರಿ ಕುಳಿತ ಇಂಜಿನಿಯರ್, ಅದರಲ್ಲಿನ ಡೇಟಾ ಅಳಿಸಲು ಹೋಗಿ ಮುಖ್ಯ ಯಂತ್ರದ್ದನ್ನೇ ಅಳಿಸಿದರು. ಒಂದೆರಡು ಸೆಕೆಂಡಿನಲ್ಲಿ ತಿಳಿದು ನಿಲ್ಲಿಸಿದರೂ, ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ ಮಾತ್ರ. ಪಾಪ, ದಣಿದವರ ಕೈ.

ಬ್ಯಾಕಪ್ ಇರಲಿಲ್ಲವೇ ಎನ್ನುವಿರಿ. ದಿನಕ್ಕೊಮ್ಮೆ ಆಗಬೇಕಿತ್ತು. ಆದರೆ ಬ್ಯಾಕಪ್ ತೆಗೆಯುವ ತಂತ್ರಾಂಶದ ಆವೃತ್ತಿ ಡೇಟಾಬೇಸಿನದಕ್ಕಿಂತ ಹಳೆಯದಾಗಿದ್ದರಿಂದ ಅದು ವಿಫಲವಾಗುತ್ತಲೇ ಇತ್ತು. ಎಚ್ಚರಿಸಬೇಕಾದ ಇಮೇಲುಗಳೂ ತಿರಸ್ಕೃತವಾಗಿ ಯಾರಿಗೂ ತಲುಪಿರಲಿಲ್ಲ. ಕೊನೆಗೆ ಕೈಹಿಡಿದದ್ದು, ಅದೇ ಇಂಜಿನಿಯರ್ ಬೇರೊಂದು ಕೆಲಸಕ್ಕೆಂದು ಆರು ಗಂಟೆ ಮೊದಲು ತೆಗೆದಿಟ್ಟಿದ್ದ ಪ್ರತಿ. ಆ ಆರು ಗಂಟೆಗಳ ದಾಖಲೆ, ಸುಮಾರು 700 ಹೊಸ ಸದಸ್ಯರ ಖಾತೆಗಳೂ ಸೇರಿ, ಹೋಯಿತು. ಕಂಪನಿ ಏನನ್ನೂ ಮುಚ್ಚಿಡದೆ ದುರಸ್ತಿಯ ಕೆಲಸವನ್ನು ಯೂಟ್ಯೂಬಿನಲ್ಲಿ ನೇರವಾಗಿ ತೋರಿಸಿತು. ನನಗಂತೂ ಇದು ಬಹಳ ಮೆಚ್ಚುಗೆಯಾಯಿತು.

ಇನ್ನೊಂದು ಮಾತು. ಮೀಸಲು ಯಂತ್ರ ಸರಿಯಾಗಿ ಹೆಜ್ಜೆ ಹಾಕುತ್ತಿದ್ದರೂ ಸಾಲದು. ಮುಖ್ಯದಲ್ಲಿ ತಪ್ಪಿ ಒಂದು ಹೆಸರು ಅಳಿಸಿದರೆ, ಅದು ವಿಧೇಯ ಶಿಷ್ಯನಂತೆ ತಾನೂ ಅಳಿಸುತ್ತದೆ. ಆದ್ದರಿಂದಲೇ ತಾರೀಖು ಹಾಕಿದ ಹಳೆಯ ಪ್ರತಿಗಳೂ ಬೇರೆಡೆ ಇರಬೇಕು.

ನಿಮ್ಮ ಸಂಘದ ಲೆಕ್ಕವೋ ಸದಸ್ಯರ ಪಟ್ಟಿಯೋ ಕಂಪ್ಯೂಟರಿನಲ್ಲಿದ್ದರೆ, ಈ ಭಾನುವಾರ ಅದರ ಪೆನ್‌ಡ್ರೈವ್ ಪ್ರತಿಯನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ. ತೆರೆಯಿತೇ? ಅದರಲ್ಲಿನ ಕೊನೆಯ ನಮೂದು ಯಾವ ತಾರೀಖಿನದು?